ತಪ್ಪಿದ ಹೊಡೆತದ ನಂತರದ ಅಧ್ಯಾಯ

ತಂಡವಾಗಿ ಆಡುವ ಆಟಗಳಲ್ಲಿ ಗೆಲುವು ಸಾಮಾನ್ಯವಾಗಿ ತಂಡದ ಹೆಸರಿನಲ್ಲೇ ದಾಖಲಾಗುತ್ತದೆ. ಸೋಲು ಮಾತ್ರ ಅನೇಕ ಸಲ ಒಬ್ಬ ಆಟಗಾರನ ಹೆಸರಿಗೆ ಅಂಟಿಕೊಂಡು, ಅವನು ಆಟ ಬಿಟ್ಟ ಎಷ್ಟೋ ವರ್ಷಗಳ ನಂತರವೂ ಅವನನ್ನು ಬಿಡುವುದಿಲ್ಲ. ಗೋಲುಗಳು ವಿರಳವಾಗಿರುವ, ಒಂದೇ ಗೋಲಿನಿಂದ ಪಂದ್ಯದ ಹಣೆಬರಹ ತೀರ್ಮಾನವಾಗುವ ಹಾಕಿಯಲ್ಲಿ ಈ ಅನ್ಯಾಯ ಇನ್ನೂ ತೀವ್ರವಾದದ್ದು. ಹುಲ್ಲಿನ ಮೇಲಾಗಲಿ ಹಿಮಗಡ್ಡೆಯ ಮೇಲಾಗಲಿ, ಹಾಕಿಯ ಚರಿತ್ರೆಯಲ್ಲಿ ನೆನಪಿನಲ್ಲಿ ಉಳಿದ ವಿಜಯಗಳನ್ನೂ ಪ್ರಮಾದಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಯಾರು ಎಡವಿದರು ಎನ್ನುವುದಕ್ಕಿಂತ ಎಡವಿದವರನ್ನು ಅವರ ತಂಡ, ತರಬೇತುದಾರರು ಮತ್ತು ಆಡಳಿತಗಾರರು ಮರುದಿನ ಹೇಗೆ ನಡೆಸಿಕೊಂಡರು ಎನ್ನುವ ಪ್ರಶ್ನೆಯೇ ಮುಖ್ಯವಾಗಿ ಕಾಣುತ್ತದೆ. ಈ ಪ್ರಶ್ನೆಗೆ ಅತ್ಯಂತ ಒಳ್ಳೆಯ ಉತ್ತರಗಳಲ್ಲೊಂದು ಕೊಡಗಿನ ಒಬ್ಬ ಆಟಗಾರನ ಬದುಕಿನಲ್ಲಿದೆ. ಅತ್ಯಂತ ಕೆಟ್ಟ ಉತ್ತರಗಳಲ್ಲೊಂದು, ಎಡವದೆ ಗೆಲ್ಲಿಸಿದ ಮೇಲೂ, ಬೆಂಗಳೂರಿನ ಒಬ್ಬ ಗೋಲ್‌ಕೀಪರ್‌ಗೆ ಎದುರಾಯಿತು.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಂಪನಿಗಳಿಂದ ಕೆಲಸದ ಮೇಲೆ ಟೊರೊಂಟೊ, ಕ್ಯಾಲ್ಗರಿ, ಸ್ಯಾನ್ ಹೋಸೆಗಳಿಗೆ ಹೋಗಿಬರುವ ಕನ್ನಡಿಗರಿಗೆ ಐಸ್ ಹಾಕಿ ಇಂದು ಅಪರಿಚಿತವಲ್ಲವಾದರೂ, ಕರ್ನಾಟಕದ ಹೆಚ್ಚಿನ ಓದುಗರು ಅದನ್ನು ಕಂಡಿರುವುದು ದೂರದರ್ಶನದ ಪರದೆಯ ಮೇಲೆ ಮಾತ್ರ. ಆದ್ದರಿಂದ ಅದರ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಈ ಆಟದಲ್ಲಿ ಗೋಲ್‌ಕೀಪರ್ ಸೇರಿ ತಂಡಕ್ಕೆ ಆರು ಮಂದಿ, ಕಾಲಿಗೆ ಉಕ್ಕಿನ ಅಲಗಿನ ಸ್ಕೇಟ್ ಕಟ್ಟಿಕೊಂಡು, ರಿಂಕ್ ಎಂದು ಕರೆಯುವ ಸುತ್ತಲೂ ಅಡ್ಡಹಲಗೆ ಕಟ್ಟಿದ ಹಿಮಗಡ್ಡೆಯ ಅಂಕಣದಲ್ಲಿ ಆಡುತ್ತಾರೆ. 20 ನಿಮಿಷಗಳ ಮೂರು ಅವಧಿಗಳಲ್ಲಿ ಪಂದ್ಯ ನಡೆಯುತ್ತದೆ. ಚೆಂಡಿನ ಬದಲು ಪಕ್ ಎಂಬ ಚಪ್ಪಟೆಯಾದ ಗಟ್ಟಿ ರಬ್ಬರಿನ ಬಿಲ್ಲೆ ಇರುತ್ತದೆ. ಅದರ ತೂಕ 156ರಿಂದ 170 ಗ್ರಾಂ, ಅಂದರೆ ಮೈದಾನದ ಹಾಕಿಯ ಚೆಂಡಿನಷ್ಟೇ ಹೆಚ್ಚುಕಡಿಮೆ. ಗೋಲುಪೆಟ್ಟಿಗೆ ಮೈದಾನದ ಹಾಕಿಯದಕ್ಕಿಂತ ಬಹಳ ಚಿಕ್ಕದು, 6 ಅಡಿ ಅಗಲ ಮತ್ತು 4 ಅಡಿ ಎತ್ತರದ್ದು. ಅಂಕಣದ ಅಂಚಿನಲ್ಲಿ ಅಲ್ಲದೆ ಅಂಚಿನಿಂದ ಒಂದಿಷ್ಟು ಒಳಗೆ ಅದನ್ನು ನಿಲ್ಲಿಸಿರುವುದರಿಂದ ಅದರ ಹಿಂಭಾಗದಲ್ಲೂ ಆಟ ಮುಂದುವರಿಯುತ್ತದೆ. ಈ ಸಂಗತಿಯಿಂದಲೇ ಮುಂದೆ ಹೇಳಲಿರುವ ಒಂದು ದೊಡ್ಡ ದುರಂತ ಸಂಭವಿಸಿತು. ಭಾರತದಲ್ಲಿ ಈ ಆಟದ ನೆಲೆ ಲಡಾಖ್. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಕೆರೆಕೊಳಗಳ ಮೇಲೆ ಕಲಿತ ಅಲ್ಲಿಯ ಹೆಣ್ಣುಮಕ್ಕಳೇ ಹೆಚ್ಚಾಗಿದ್ದ ಭಾರತದ ಮಹಿಳಾ ತಂಡ 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4-3ರಿಂದ ಸೋಲಿಸಿ ತನ್ನ ಮೊದಲ ಅಂತರರಾಷ್ಟ್ರೀಯ ಜಯವನ್ನು ಪಡೆಯಿತು.

ಹಿಮ ಬೀಳದ ಕರ್ನಾಟಕದಲ್ಲಿ ಹಾಕಿ ಬೇರು ಬಿಟ್ಟದ್ದು ಮುಖ್ಯವಾಗಿ ಕೊಡಗಿನಲ್ಲಿ ಮತ್ತು ಬೆಂಗಳೂರಿನ ದಂಡುಪ್ರದೇಶದಲ್ಲಿ. ಎರಡೂ ಕಡೆ ಅದಕ್ಕೆ ಸೈನ್ಯದ ನಂಟಿತ್ತು. ಸೈನ್ಯಕ್ಕೆ ಸೇರಿದ ಕೊಡವರು ರಜೆಯಲ್ಲಿ ಊರಿಗೆ ಬರುವಾಗ ಹಾಕಿಯನ್ನೂ ಜೊತೆಗೆ ತಂದರು, ಕಾಫಿ ತೋಟಗಳ ನಡುವಿನ ಶಾಲಾ ಮೈದಾನಗಳಲ್ಲಿ ಅದು ಮಕ್ಕಳಿಗೆ ದಾಟಿತು, ಕಾಲಕ್ರಮದಲ್ಲಿ ಅದು ಸಮುದಾಯದ ಬದುಕಿನ ಭಾಗವೇ ಆಯಿತು. ಒಂದೇ ಮೂಲಪುರುಷನಿಂದ ಬಂದ ವಿಸ್ತಾರ ಕುಟುಂಬವನ್ನು ಕೊಡವರು ಒಕ್ಕ ಎನ್ನುತ್ತಾರೆ. ಒಂದೊಂದು ಒಕ್ಕವೂ ಒಂದೊಂದು ತಂಡವಾಗಿ ಆಡುವ ಕೊಡವ ಹಾಕಿ ಉತ್ಸವವನ್ನು ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ವಿರಾಜಪೇಟೆ ಸಮೀಪದ ಕರಡದಲ್ಲಿ ಆರಂಭಿಸಿದಾಗ 60 ತಂಡಗಳು ಸೇರಿದ್ದವು. 2024ರಲ್ಲಿ ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ ನಾಪೋಕ್ಲುವಿನಲ್ಲಿ ನಡೆದ ಉತ್ಸವದ ಹೊತ್ತಿಗೆ ಆ ಸಂಖ್ಯೆ 360ಕ್ಕೆ ಏರಿತ್ತು. ಬೇಸಿಗೆಯಲ್ಲಿ ನಡೆಯುವ ಈ ಉತ್ಸವಕ್ಕೆ ಬೆಂಗಳೂರಿನ ಕಚೇರಿ, ಕಾರ್ಖಾನೆಗಳಲ್ಲಿ ದುಡಿಯುವವರೂ ರಜೆ ಹಾಕಿ ಹೊರಡುತ್ತಾರೆ. ಒಂದೇ ಕುಟುಂಬದ ಗಂಡಸರೂ ಹೆಂಗಸರೂ ಹಿರಿಯರೂ ಕಿರಿಯರೂ ಒಂದೇ ತಂಡದಲ್ಲಿ ನಿಂತು ಆಡುವ ಇಂಥ ಕ್ರೀಡಾಕೂಟ ಬೇರೆಲ್ಲೂ ಸುಲಭಕ್ಕೆ ಸಿಗುವಂಥದ್ದಲ್ಲ.

ಇಂಥ ನೆಲದಿಂದ ಬಂದ ಇಬ್ಬರು, ಮೊಳ್ಳೇರ ಪೂವಯ್ಯ ಗಣೇಶ್ ಮತ್ತು ಸೋಮವಾರಪೇಟೆಯ ಬಿ.ಪಿ. ಗೋವಿಂದ, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಗೆದ್ದ ಭಾರತ ತಂಡದಲ್ಲಿದ್ದರು. ಮರುವರ್ಷ ನೆದರ್‌ಲೆಂಡ್ಸ್‌ನ ಆಮ್ಸ್‌ಟೆಲ್‌ವೇನ್‌ನಲ್ಲಿ ನಡೆದ ಎರಡನೆಯ ವಿಶ್ವಕಪ್‌ಗೆ ಗಣೇಶ್ ಅವರೇ ನಾಯಕರಾದರು. ಸೆಮಿಫೈನಲ್‌ನಲ್ಲಿ ಪಾಕಿಸ್ತಾನವನ್ನು 1-0ರಿಂದ ಮಣಿಸಿದ ಭಾರತ, 1973ರ ಸೆಪ್ಟೆಂಬರ್ 2ರಂದು ಆತಿಥೇಯರ ವಿರುದ್ಧ ಫೈನಲ್ ಆಡಿತು. ಪಂದ್ಯದ ಆರಂಭದಲ್ಲೇ ಸುರ್ಜಿತ್ ಸಿಂಗ್ ಪೆನಾಲ್ಟಿ ಕಾರ್ನರ್‌ಗಳಿಂದ ಎರಡು ಗೋಲು ಗಳಿಸಿದರು. ಗೋಲಿನ ಮುಂದಿನ ಅರ್ಧವೃತ್ತದೊಳಗೆ ರಕ್ಷಕರು ನಿಯಮ ಮೀರಿದಾಗ, ಗೋಲುಗೆರೆಯಿಂದ ಚೆಂಡನ್ನು ಹೊರಕ್ಕೆ ತಳ್ಳಿಸಿ, ನಿಲ್ಲಿಸಿ, ಹೊಡೆಯಲು ಕೊಡುವ ಅವಕಾಶವೇ ಪೆನಾಲ್ಟಿ ಕಾರ್ನರ್. ಎರಡು ಗೋಲುಗಳ ಮುನ್ನಡೆ ಹಾಕಿಯಲ್ಲಿ ಸಾಮಾನ್ಯವಾದುದಲ್ಲ. ವಿಶ್ವಕಪ್ ಕೈಗೆ ಬಂದೇಬಿಟ್ಟಿತು ಎನ್ನುವ ಸ್ಥಿತಿಯದು. ಆದರೆ ಡಚ್ಚರ ಟೀಸ್ ಕ್ರೌಝ ಎರಡೂ ಗೋಲುಗಳನ್ನು ತೀರಿಸಿದರು. ಪಂದ್ಯ 2-2ರಲ್ಲಿ ನಿಂತು ಹೆಚ್ಚುವರಿ ಅವಧಿಗೆ ಹೋಯಿತು.

ಆ ಹೆಚ್ಚುವರಿ ಅವಧಿಯಲ್ಲಿ ಸಡನ್ ಡೆತ್ ನಿಯಮ ಜಾರಿಯಲ್ಲಿದ್ದಾಗ, ಅಂದರೆ ಮೊದಲು ಗೋಲು ಹೊಡೆದವರೇ ಗೆದ್ದಂತೆ ಎಂಬ ಹಂತದಲ್ಲಿ, ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ದೊರೆಯಿತು. ಇದು ಹಾಕಿಯಲ್ಲಿ ದಾಳಿಗಾರನಿಗೆ ಸಿಗಬಹುದಾದ ಅತಿ ದೊಡ್ಡ ಅವಕಾಶ: ಗೋಲುಗೆರೆಯಿಂದ 6.4 ಮೀಟರ್ ದೂರದಲ್ಲಿ ಚೆಂಡನ್ನಿಟ್ಟು, ಗೋಲ್‌ಕೀಪರ್ ಒಬ್ಬನನ್ನೇ ಎದುರಿಗೆ ನಿಲ್ಲಿಸಿ, ಉಳಿದ ಎಲ್ಲರನ್ನೂ ದೂರ ಕಳಿಸಿ, ಒಂದೇ ತಳ್ಳಿನಲ್ಲಿ ಗೋಲು ಗಳಿಸಲು ಬಿಡಲಾಗುತ್ತದೆ. ಹತ್ತು ಸ್ಟ್ರೋಕ್‌ಗಳಲ್ಲಿ ಹೆಚ್ಚಿನವು ಗೋಲಾಗುತ್ತವೆ ಎನ್ನುವುದೇ ಹೊಡೆಯುವವನ ಮೇಲೆ ಬೀಳುವ ಭಾರ. ಗೋಲಾದರೆ ಅದು ಆಗಬೇಕಾದದ್ದೇ, ತಪ್ಪಿದರೆ ಮಾತ್ರ ಸುದ್ದಿ. ಚೆಂಡಿನ ಮುಂದೆ ನಿಂತವರು 22 ವರ್ಷದ ಗೋವಿಂದ. ಚುರುಕು ಓಟಕ್ಕೂ ಗೋಲು ಗಳಿಸುವ ಜಾಣ್ಮೆಗೂ ಹೆಸರಾಗಿದ್ದ ಅವರ ಹೊಡೆತವನ್ನು ಡಚ್ ಗೋಲ್‌ಕೀಪರ್ ತಡೆದರು. ಗೆಲುವಿಗೆ ಒಂದು ತಳ್ಳಿನಷ್ಟೇ ದೂರವಿದ್ದ ಪಂದ್ಯ ಟೈ ಬ್ರೇಕರ್‌ಗೆ, ಅಂದರೆ ಎರಡೂ ತಂಡಗಳು ಸರದಿಯಂತೆ ಸ್ಟ್ರೋಕ್ ಹೊಡೆಯುವ ನಿರ್ಣಾಯಕ ಹಂತಕ್ಕೆ ಹೋಗಿ, ಅಲ್ಲಿ ನೆದರ್‌ಲೆಂಡ್ಸ್ 4-2ರಿಂದ ಗೆದ್ದಿತು. ಕೊಡಗಿನ ನಾಯಕನ ಕೈಗೆ ಬರಬೇಕಿದ್ದ ಕಪ್ಪನ್ನು ಕೊಡಗಿನ ಆಟಗಾರನೇ ಕಳೆದಂತೆ ಆಯಿತೆಂದು ಮೇಲ್ನೋಟಕ್ಕೆ ಹೇಳಬಹುದು. ಆದರೆ ಎರಡು ಗೋಲಿನ ಮುನ್ನಡೆಯನ್ನು ಕೈಬಿಟ್ಟದ್ದು ಇಡೀ ತಂಡವೆಂಬುದನ್ನೂ, ಆ ಮೇಲಿನ ಟೈ ಬ್ರೇಕರ್‌ನಲ್ಲಿ ಸೋತದ್ದೂ ಇಡೀ ತಂಡವೆಂಬುದನ್ನೂ ಮರೆತರೆ ಮಾತ್ರ ಆ ಮಾತಿಗೆ ಅರ್ಥವಿರುತ್ತದೆ.

ಮುಂದೆ ನಡೆದದ್ದು ಭಾರತೀಯ ಹಾಕಿಯ ಆಡಳಿತಕ್ಕೆ ಹೆಮ್ಮೆ ತರುವ ವಿಷಯ. ಆಯ್ಕೆಗಾರರು ಗೋವಿಂದರನ್ನು ಒಂದು ಹೊಡೆತದಿಂದ ಅಳೆಯಲಿಲ್ಲ. 1975ರ ಮಾರ್ಚ್‌ನಲ್ಲಿ ಕ್ವಾಲಾಲಂಪುರದಲ್ಲಿ ಮೂರನೆಯ ವಿಶ್ವಕಪ್ ನಡೆದಾಗ ಅಜಿತ್‌ಪಾಲ್ ಸಿಂಗ್ ನಾಯಕತ್ವದ ತಂಡದಲ್ಲಿ ಗೋವಿಂದರೂ ಇದ್ದರು, ಕೊಡಗಿನವರೇ ಆದ ಪಿ.ಇ. ಕಾಳಯ್ಯನವರೂ ಇದ್ದರು. ಆತಿಥೇಯ ಮಲೇಷ್ಯಾದ ವಿರುದ್ಧದ ಸೆಮಿಫೈನಲ್‌ನಲ್ಲಿ ಭಾರತ ಸೋಲಿನ ಅಂಚಿಗೆ ಬಂದಿದ್ದಾಗ, ಬದಲಿ ಆಟಗಾರನಾಗಿ ಇಳಿದ ಅಸ್ಲಂ ಶೇರ್ ಖಾನ್ ಪೆನಾಲ್ಟಿ ಕಾರ್ನರ್‌ನಿಂದ ಸಮ ಮಾಡಿದರು, ಹೆಚ್ಚುವರಿ ಅವಧಿಯಲ್ಲಿ ಹರ್‌ಚರಣ್ ಸಿಂಗ್ ಗೆಲುವಿನ ಗೋಲು ಹೊಡೆದರು. ಮಾರ್ಚ್ 15ರ ಫೈನಲ್‌ನಲ್ಲಿ ಪಾಕಿಸ್ತಾನ ಮೊದಲು ಮುನ್ನಡೆ ಪಡೆದರೂ ಸುರ್ಜಿತ್ ಸಿಂಗ್ ಮತ್ತು ಅಶೋಕ್ ಕುಮಾರ್ ಅವರ ಗೋಲುಗಳಿಂದ ಭಾರತ 2-1ರಿಂದ ಗೆದ್ದು ವಿಶ್ವಕಪ್ ಎತ್ತಿತು. ಪುರುಷರ ಹಾಕಿಯಲ್ಲಿ ಇವತ್ತಿನವರೆಗೂ ಭಾರತ ಗೆದ್ದಿರುವ ಏಕೈಕ ವಿಶ್ವಕಪ್ ಅದು. ಹದಿನೆಂಟು ತಿಂಗಳ ಹಿಂದೆ ಸ್ಟ್ರೋಕ್ ತಪ್ಪಿಸಿದವರು ವಿಶ್ವವಿಜೇತ ತಂಡದ ಸದಸ್ಯರಾದರು, ಅದೇ ವರ್ಷ ಅರ್ಜುನ ಪ್ರಶಸ್ತಿಯನ್ನೂ ಪಡೆದರು. ಗೋವಿಂದರ ಕಥೆಯನ್ನು 1973ಕ್ಕೆ ನಿಲ್ಲಿಸುವವರು ಅರ್ಧ ಮಾತ್ರ ಹೇಳಿದಂತೆ.

ಇದೇ ಬಗೆಯ ಇನ್ನೊಂದು ಪ್ರಸಂಗ ಕೆನಡಾದಲ್ಲಿ ನಡೆಯಿತು. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗಿನ ವಿಜೇತರಿಗೆ ಕೊಡುವ ಸ್ಟ್ಯಾನ್ಲಿ ಕಪ್ಪನ್ನು 1984 ಮತ್ತು 1985ರಲ್ಲಿ ಸತತವಾಗಿ ಗೆದ್ದಿದ್ದ ಎಡ್ಮಂಟನ್ ಆಯಿಲರ್ಸ್ ತಂಡ, ವೇನ್ ಗ್ರೆಟ್ಸ್‌ಕಿಯಂಥ ಅಪ್ರತಿಮ ಆಟಗಾರನ ನೇತೃತ್ವದಲ್ಲಿ ಮೂರನೆಯ ಸಲವೂ ಗೆಲ್ಲುವುದು ಖಚಿತವೆಂದು ಎಲ್ಲರೂ ನಂಬಿದ್ದರು. 1986ರ ಏಪ್ರಿಲ್ 30ರಂದು ಪಕ್ಕದ ನಗರ ಕ್ಯಾಲ್ಗರಿಯ ಫ್ಲೇಮ್ಸ್ ತಂಡದ ವಿರುದ್ಧ ಏಳು ಪಂದ್ಯಗಳ ಸರಣಿಯ ಕೊನೆಯ ಪಂದ್ಯ ನಡೆಯುತ್ತಿತ್ತು. ಮೂರನೆಯ ಅವಧಿಯಲ್ಲಿ ಎರಡೂ ತಂಡಗಳು 2-2ರಲ್ಲಿದ್ದವು. ಆಯಿಲರ್ಸ್‌ನ ಯುವ ರಕ್ಷಣಾ ಆಟಗಾರ ಸ್ಟೀವ್ ಸ್ಮಿತ್ ತಮ್ಮದೇ ಗೋಲಿನ ಹಿಂಬದಿಯಿಂದ ಅಂಕಣದ ಇನ್ನೊಂದು ಪಕ್ಕಕ್ಕೆ ಪಕ್ಕನ್ನು ರವಾನಿಸಲು ಹೋದಾಗ, ಅದು ತಮ್ಮದೇ ಗೋಲ್‌ಕೀಪರ್ ಗ್ರಾಂಟ್ ಫ್ಯೂರ್ ಅವರ ಕಾಲಿನ ಹಿಂಭಾಗಕ್ಕೆ ತಗುಲಿ ಗೋಲಿನೊಳಗೆ ಜಾರಿತು. ಎದುರಾಳಿಗಳ ಯಾವ ಶ್ರಮವೂ ಇಲ್ಲದೆ ಬಂದ ಆ ಗೋಲಿನಿಂದಲೇ ಕ್ಯಾಲ್ಗರಿ 3-2ರಿಂದ ಗೆದ್ದಿತು. ಸ್ಮಿತ್ ಹಿಮಗಡ್ಡೆಯ ಮೇಲೆ ಮುಖ ಕೆಳಗೆ ಮಾಡಿ ಬಿದ್ದುಬಿಟ್ಟರು. ಅಂದು ಅವರ 23ನೆಯ ಹುಟ್ಟುಹಬ್ಬ.

ಆಯಿಲರ್ಸ್ ಅವರನ್ನು ಕೈಬಿಡಲಿಲ್ಲ. ಮರುವರ್ಷ ತಂಡ ಮತ್ತೆ ಸ್ಟ್ಯಾನ್ಲಿ ಕಪ್ ಗೆದ್ದಿತು. ಆ ಕಪ್ಪನ್ನು ನಾಯಕ ಮೊದಲು ಸ್ವೀಕರಿಸಿ, ತಾನು ಎತ್ತಿ ತೋರಿಸಿದ ನಂತರ ಒಬ್ಬೊಬ್ಬರಾಗಿ ಸಹ ಆಟಗಾರರಿಗೆ ದಾಟಿಸುವುದು ಐಸ್ ಹಾಕಿಯ ಸಂಪ್ರದಾಯ. ಯಾರಿಗೆ ಮೊದಲು ದಾಟಿಸುತ್ತಾರೆ ಎನ್ನುವುದು ದೊಡ್ಡ ಗೌರವದ ವಿಷಯ. ಗ್ರೆಟ್ಸ್‌ಕಿ ತಂಡದ ಎಲ್ಲ ತಾರೆಗಳನ್ನು ಬಿಟ್ಟು ಕಪ್ಪನ್ನು ಮೊದಲು ಸ್ಮಿತ್ ಅವರ ಕೈಗಿತ್ತರು. ನೂರಾರು ಗೋಲುಗಳು, ದಾಖಲೆಗಳು ಗ್ರೆಟ್ಸ್‌ಕಿಯ ಹೆಸರಿನ ಜೊತೆ ಬರುತ್ತವೆ, ಆದರೆ ನಾಯಕನೆಂದರೆ ಯಾರು ಎಂಬುದನ್ನು ಈ ಒಂದು ನಡೆಯಷ್ಟು ಸ್ಪಷ್ಟವಾಗಿ ಅವುಗಳಲ್ಲಿ ಯಾವುದೂ ಹೇಳುವುದಿಲ್ಲ.

ನಂಬಿಕೆ ಕಳೆದುಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಐಸ್ ಹಾಕಿಯ ಅತ್ಯಂತ ಪ್ರಸಿದ್ಧ ಪಂದ್ಯವೇ ಸಾಕ್ಷಿ. 1980ರ ಚಳಿಗಾಲದ ಒಲಿಂಪಿಕ್ಸ್ ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ ನಡೆದಾಗ ಹಿಂದಿನ ನಾಲ್ಕು ಒಲಿಂಪಿಕ್ಸ್‌ಗಳ ಚಿನ್ನವೂ ಸೋವಿಯತ್ ಒಕ್ಕೂಟದ್ದೇ ಆಗಿತ್ತು. ಅಮೆರಿಕದ ತಂಡದಲ್ಲಿದ್ದವರಾದರೋ ಹೆಚ್ಚಾಗಿ ಇಪ್ಪತ್ತರ ಆಸುಪಾಸಿನ ಕಾಲೇಜು ಹುಡುಗರು. ಕೂಟಕ್ಕೆ ಕೆಲವೇ ದಿನಗಳ ಮುಂಚೆ ನ್ಯೂಯಾರ್ಕ್‌ನಲ್ಲಿ ನಡೆದ ಸ್ನೇಹಪರ ಪಂದ್ಯದಲ್ಲಿ ಸೋವಿಯತ್ ತಂಡ ಇದೇ ಹುಡುಗರನ್ನು 10-3ರಿಂದ ಸದೆಬಡಿದಿತ್ತು. ಫೆಬ್ರುವರಿ 22ರಂದು ಇವರಿಬ್ಬರೂ ಪದಕದ ಸುತ್ತಿನಲ್ಲಿ ಮುಖಾಮುಖಿಯಾದಾಗ ಮೊದಲ ಅವಧಿ ಮುಗಿಯಲು ಕೆಲ ಕ್ಷಣಗಳಿದ್ದಾಗ ಸೋವಿಯತ್ ತಂಡ 2-1ರ ಮುನ್ನಡೆಯಲ್ಲಿತ್ತು. ದೂರದಿಂದ ಬಂದ ಒಂದು ಹೊಡೆತವನ್ನು ಆ ಕಾಲದ ಶ್ರೇಷ್ಠ ಗೋಲ್‌ಕೀಪರ್ ಎನಿಸಿದ್ದ ವ್ಲಾದಿಸ್ಲಾವ್ ತ್ರೆತ್ಯಾಕ್ ತಡೆದರೂ ಪಕ್ ಮುಂದಕ್ಕೆ ಚಿಮ್ಮಿತು. ಅವಧಿ ಮುಗಿಯಿತೆಂದು ರಕ್ಷಕರು ನಿಧಾನಿಸಿದ ಆ ಗಳಿಗೆಯಲ್ಲಿ ಮಾರ್ಕ್ ಜಾನ್ಸನ್ ಅದನ್ನು ಗೋಲಿಗೆ ಸೇರಿಸಿದರು. ಗಡಿಯಾರದಲ್ಲಿ ಉಳಿದಿದ್ದದ್ದು ಒಂದೇ ಸೆಕೆಂಡು.

ಸೋವಿಯತ್ ತರಬೇತುದಾರ ವಿಕ್ಟರ್ ತಿಖೊನೊವ್ ಎರಡನೆಯ ಅವಧಿಗೆ ತ್ರೆತ್ಯಾಕ್‌ರನ್ನು ಕೂರಿಸಿ ವ್ಲಾದಿಮಿರ್ ಮಿಶ್ಕಿನ್‌ರನ್ನು ಇಳಿಸಿದರು. ಮಿಶ್ಕಿನ್ ಸಾಮಾನ್ಯ ಗೋಲ್‌ಕೀಪರ್ ಆಗಿರಲಿಲ್ಲ. ಹಿಂದಿನ ವರ್ಷವಷ್ಟೇ ಉತ್ತರ ಅಮೆರಿಕದ ವೃತ್ತಿಪರ ತಾರೆಯರ ತಂಡಕ್ಕೆ ಒಂದೂ ಗೋಲು ಬಿಟ್ಟುಕೊಡದೆ ಆಡಿದ್ದರು, ಆದ್ದರಿಂದ ಆ ನಿರ್ಧಾರವನ್ನು ಹುಚ್ಚುತನವೆಂದು ಕರೆಯಲಾಗದು. ಎರಡನೆಯ ಅವಧಿಯಲ್ಲಿ ಸೋವಿಯತ್ ತಂಡ 3-2ರ ಮುನ್ನಡೆಯನ್ನೂ ಪಡೆಯಿತು. ಆದರೆ ಎದುರಾಳಿ ಹುಡುಗರಿಗೆ ತ್ರೆತ್ಯಾಕ್ ಇಲ್ಲದ ಗೋಲು ಹೊಸ ಧೈರ್ಯ ಕೊಟ್ಟಿತು, ಮೂರನೆಯ ಅವಧಿಯಲ್ಲಿ ಜಾನ್ಸನ್ ಮತ್ತೆ ಸಮ ಮಾಡಿದರು, ಇನ್ನೂ 10 ನಿಮಿಷ ಉಳಿದಿರುವಾಗ ನಾಯಕ ಮೈಕ್ ಎರೂಜಿಯೋನಿ ನಾಲ್ಕನೆಯ ಗೋಲು ಹೊಡೆದರು. ಆ ಹತ್ತು ನಿಮಿಷ ಗೋಲ್‌ಕೀಪರ್ ಜಿಮ್ ಕ್ರೇಗ್ ಗೋಡೆಯಾಗಿ ನಿಂತರು. ಹರ್ಬ್ ಬ್ರೂಕ್ಸ್ ತರಬೇತಿಯ ಅಮೆರಿಕ 4-3ರಿಂದ ಗೆದ್ದು, ಎರಡು ದಿನಗಳ ನಂತರ ಫಿನ್ಲೆಂಡನ್ನೂ ಸೋಲಿಸಿ ಚಿನ್ನ ಪಡೆಯಿತು. ತ್ರೆತ್ಯಾಕ್‌ರನ್ನು ಹೊರಗೆ ಕೂರಿಸಿದ್ದು ತಮ್ಮ ಜೀವನದ ಅತಿ ದೊಡ್ಡ ತಪ್ಪೆಂದು ತಿಖೊನೊವ್ ನಂತರ ಒಪ್ಪಿಕೊಂಡರು. ಲೋಕ ಇದನ್ನು ಅಮೆರಿಕದ ಪವಾಡವೆಂದು ನೆನೆಯುತ್ತದೆ. ಒಂದು ಸೆಕೆಂಡಿನ ತಪ್ಪಿಗೆ ಹತ್ತು ವರ್ಷದ ಸಾಧನೆಯನ್ನು ಮರೆತ ತರಬೇತುದಾರನ ಪಾಲೂ ಅದರಲ್ಲಿ ಇದೆ ಎನ್ನುವುದನ್ನು ಗಮನಿಸಬೇಕು.

ಅದೇ ವರ್ಷದ ಬೇಸಿಗೆಯಲ್ಲಿ, ಅದೇ 4-3ರ ಅಂತರದಲ್ಲಿ, ಮಾಸ್ಕೋದಲ್ಲಿ ಭಾರತ ಒಲಿಂಪಿಕ್ ಹಾಕಿಯ ತನ್ನ ಎಂಟನೆಯ ಚಿನ್ನವನ್ನು ಗೆದ್ದಿತು. ಎರಡು ಘಟನೆಗಳ ನಡುವೆ ರಾಜಕೀಯದ ಎಳೆಯೂ ಇದೆ: ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ್ದನ್ನು ವಿರೋಧಿಸಿ ಅಮೆರಿಕ ಕರೆಕೊಟ್ಟ ಬಹಿಷ್ಕಾರದಿಂದಾಗಿ ಹಾಕಿಯ ಅನೇಕ ಬಲಿಷ್ಠ ರಾಷ್ಟ್ರಗಳು ಮಾಸ್ಕೋಗೆ ಬರಲಿಲ್ಲ, ಪುರುಷರ ಹಾಕಿಯಲ್ಲಿ ಉಳಿದದ್ದು ಆರೇ ತಂಡಗಳು. ವಿ. ಭಾಸ್ಕರನ್ ನಾಯಕತ್ವದ ಭಾರತ ತಂಡದಲ್ಲಿ ಕೊಡಗಿನ ಮನೆಯಪಂಡ ಮುತ್ತಣ್ಣ ಸೋಮಯ್ಯ ಇದ್ದರು. ಫೈನಲ್‌ನಲ್ಲಿ ಸುರಿಂದರ್ ಸಿಂಗ್ ಸೋಧಿ ಮತ್ತು ಎಂ.ಕೆ. ಕೌಶಿಕ್ ಅವರ ಗೋಲುಗಳಿಂದ 3-0ರಷ್ಟು ಮುಂದಿದ್ದ ಭಾರತ, ಆಮ್ಸ್‌ಟೆಲ್‌ವೇನ್‌ನಲ್ಲಿ ಮಾಡಿದ ಹಾಗೆಯೇ ಹಿಡಿತ ಸಡಿಲಿಸಿತು. ಸ್ಪೇನ್ ಒಂದೊಂದಾಗಿ ಗೋಲುಗಳನ್ನು ತೀರಿಸುತ್ತಾ ಬಂದಿತು. ಮೊಹಮ್ಮದ್ ಶಾಹಿದ್ ಅವರ ನಾಲ್ಕನೆಯ ಗೋಲು ಬಾರದೇ ಹೋಗಿದ್ದರೆ ಆ ಪಂದ್ಯ ಇಂದು ಬೇರೆ ಪಟ್ಟಿಯಲ್ಲಿ ಇರುತ್ತಿತ್ತು. ಬಹಿಷ್ಕಾರದ ಕಾರಣಕ್ಕೆ ಈ ಚಿನ್ನವನ್ನು ಕೆಲವರು ಕಡಿಮೆ ಮಾಡಿ ಕಾಣುವುದುಂಟು. ಬಂದವರ ಜೊತೆ ಆಡಿ ಗೆದ್ದವರ ಶ್ರಮ ಬಾರದವರಿಂದ ಕಡಿಮೆಯಾಗುವುದಿಲ್ಲ. ಸೋಮಯ್ಯನವರು ಮುಂದೆ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾದಾಗ ತಂಡದ ತರಬೇತುದಾರರಾಗಿದ್ದವರು ಗಣೇಶ್. ಅಲ್ಲಿ ಭಾರತಕ್ಕೆ ಸಿಕ್ಕಿದ್ದು ಆರನೆಯ ಸ್ಥಾನ.

ಆ ಎತ್ತರದಿಂದ ಆರನೆಯ ಸ್ಥಾನಕ್ಕೆ ಇಳಿದದ್ದಕ್ಕೆ ಯಾವ ಒಬ್ಬ ಆಟಗಾರನ ತಪ್ಪೂ ಕಾರಣವಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹಾಕಿಯನ್ನು ಕೃತಕ ಹುಲ್ಲುಹಾಸಿನ, ಅಂದರೆ ಟರ್ಫ್‌ನ ಮೇಲೆ ಆಡಿಸಿದಾಗ, ವಿಶ್ವಕಪ್ ಗೆದ್ದು ಒಂದೇ ವರ್ಷವಾಗಿದ್ದ ಭಾರತ ಏಳನೆಯ ಸ್ಥಾನಕ್ಕೆ ಕುಸಿಯಿತು. 1928ರಿಂದ ಆಡಿದ ಪ್ರತಿ ಒಲಿಂಪಿಕ್ಸ್‌ನಲ್ಲೂ ಹಾಕಿ ಪದಕ ತಂದಿದ್ದ ದೇಶ ಬರಿಗೈಯಲ್ಲಿ ಮರಳಿತು. ಗೋವಿಂದರೂ ಆ ತಂಡದಲ್ಲಿದ್ದರು. ನಿಜವಾದ ಹುಲ್ಲಿನ ಮೇಲೆ ಚೆಂಡು ಪುಟಿಯುತ್ತದೆ, ತಿರುಗುತ್ತದೆ, ಅದನ್ನು ಕೋಲಿನ ತುದಿಯಲ್ಲಿ ಪಳಗಿಸುವ ಕೈಚಳಕಕ್ಕೆ ಬೆಲೆಯಿರುತ್ತದೆ. ಟರ್ಫ್‌ನ ಮೇಲೆ ಅದು ನೇರವಾಗಿ, ವೇಗವಾಗಿ ಓಡುವುದರಿಂದ ಓಟದ ವೇಗಕ್ಕೂ ದೇಹಬಲಕ್ಕೂ ದೂರದ ಪಾಸ್‌ಗೂ ಮೇಲುಗೈ. ಯುರೋಪಿನ ದೇಶಗಳು ಊರೂರಿಗೆ ಟರ್ಫ್ ಹಾಸುತ್ತಿದ್ದಾಗ ಭಾರತದ ಮಕ್ಕಳು ಮಣ್ಣಿನ ಮೈದಾನದಲ್ಲಿ ಆಡಿ ಬೆಳೆದು, ರಾಷ್ಟ್ರೀಯ ಶಿಬಿರಕ್ಕೆ ಬಂದ ಮೇಲಷ್ಟೇ ಟರ್ಫ್ ಕಾಣುವ ಸ್ಥಿತಿ ದಶಕಗಳ ಕಾಲ ಮುಂದುವರಿಯಿತು. ಗೋವಿಂದರ ಸ್ಟ್ರೋಕ್ ಒಂದು ಪಂದ್ಯವನ್ನು ಕಳೆಯಿತು. ಈ ಅಲಕ್ಷ್ಯ ಒಂದು ಪೀಳಿಗೆಯನ್ನೇ ಕಳೆಯಿತು. ಆದರೂ ಇದರ ಹೊಣೆಗಾರರ ಹೆಸರುಗಳು ಯಾರಿಗೂ ನೆನಪಿಲ್ಲ.

ಹೆಸರು ನೆನಪಿನಲ್ಲಿ ಉಳಿದದ್ದು ಗೋಲ್‌ಕೀಪರ್ ಮೀರ್ ರಂಜನ್ ನೇಗಿ ಅವರದು. 1982ರ ಡಿಸೆಂಬರ್ 1ರಂದು ದೆಹಲಿಯ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಭಾರತ ಪಾಕಿಸ್ತಾನದ ಎದುರು 1-7ರಿಂದ ಸೋತಾಗ, ಹನ್ನೊಂದು ಮಂದಿಯ ಸೋಲನ್ನು ಅವರೊಬ್ಬರ ತಲೆಗೆ ಕಟ್ಟಲಾಯಿತು. ಲಂಚ ಪಡೆದರೆಂಬ, ಎಂದೂ ಸಾಬೀತಾಗದ ಆರೋಪವೂ ಅವರನ್ನು ಬೆನ್ನಟ್ಟಿತು. ಹದಿನಾರು ವರ್ಷಗಳ ನಂತರ, 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟಕ್ಕೆ ಹೊರಟ ತಂಡದ ಗೋಲ್‌ಕೀಪಿಂಗ್ ತರಬೇತುದಾರರಾಗಿ ಅವರು ಮರಳಿದರು. ಮುಖ್ಯ ತರಬೇತುದಾರರು ಮಾಸ್ಕೋ ಚಿನ್ನದ ಕೌಶಿಕ್, ನಾಯಕ ಧನರಾಜ್ ಪಿಳ್ಳೈ, ಗೋಲಿನಲ್ಲಿ ಬೆಂಗಳೂರಿನ ಆಶಿಶ್ ಬಲ್ಲಾಳ್. ದಕ್ಷಿಣ ಕೊರಿಯಾದ ವಿರುದ್ಧದ ಫೈನಲ್ 1-1ರಲ್ಲಿ ನಿಂತು ಟೈ ಬ್ರೇಕರ್‌ಗೆ ಹೋದಾಗ ಬಲ್ಲಾಳ್ ಎರಡು ಸ್ಟ್ರೋಕ್‌ಗಳನ್ನು ತಡೆದರು. 1966ರ ನಂತರ, 32 ವರ್ಷಗಳಿಗೆ, ಏಷ್ಯನ್ ಕ್ರೀಡಾಕೂಟದ ಹಾಕಿ ಚಿನ್ನ ಭಾರತಕ್ಕೆ ಬಂದಿತು. ಆಮ್ಸ್‌ಟೆಲ್‌ವೇನ್‌ನಲ್ಲಿ ಕರ್ನಾಟಕದ ಆಟಗಾರನೊಬ್ಬ ಸ್ಟ್ರೋಕ್‌ನಿಂದ ಕಳೆದುಕೊಂಡದ್ದನ್ನು ಇನ್ನೊಬ್ಬರು ಸ್ಟ್ರೋಕ್ ತಡೆದು ತಂದುಕೊಟ್ಟರು ಎನ್ನಬಹುದು.

ಆ ಗೆಲುವಿನ ಮರುವರ್ಷವೇ ಭಾರತೀಯ ಹಾಕಿ ಒಕ್ಕೂಟ ಧನರಾಜ್, ಬಲ್ಲಾಳ್ ಸೇರಿ ಹಲವು ಹಿರಿಯ ಆಟಗಾರರನ್ನು ತಂಡದಿಂದ ಕೈಬಿಟ್ಟಿತು, ಕೌಶಿಕ್ ಅವರನ್ನೂ ಉಳಿಸಿಕೊಳ್ಳಲಿಲ್ಲ. ಆಟಗಾರರಿಗೆ ಸಲ್ಲಬೇಕಾದ ಭತ್ಯೆ, ಸೌಕರ್ಯಗಳ ಬಗ್ಗೆ ದನಿಯೆತ್ತಿದ್ದೇ ಇದಕ್ಕೆ ಕಾರಣವೆಂದು ಆಗ ವ್ಯಾಪಕವಾಗಿ ಭಾವಿಸಲಾಯಿತು. 1973ರಲ್ಲಿ ಸೋಲಿಗೆ ಕಾರಣನೆನಿಸಿದವನನ್ನು ಉಳಿಸಿಕೊಂಡ ವ್ಯವಸ್ಥೆ, 1998ರ ಗೆಲುವಿಗೆ ಕಾರಣರಾದವರನ್ನು ಹೊರಹಾಕಿತು. ಭಾರತೀಯ ಹಾಕಿಯ ಪ್ರಮಾದಗಳಲ್ಲಿ ಮೈದಾನದ ಒಳಗೆ ನಡೆದ ಯಾವುದಕ್ಕೂ ಇದು ಕಡಿಮೆಯದಲ್ಲ. ಏಷ್ಯನ್ ಕ್ರೀಡಾಕೂಟದ ಮುಂದಿನ ಚಿನ್ನಕ್ಕೆ ದೇಶ ಮತ್ತೆ 16 ವರ್ಷ ಕಾಯಬೇಕಾಯಿತು. ನಡುವೆ 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆಯಲಾಗದ ಅವಮಾನವೂ ಬಂದಿತು.

ಗೋಲ್‌ಕೀಪರ್‌ನ ಭಾಗ್ಯ ಎಷ್ಟು ಅಸ್ಥಿರವೆಂಬುದನ್ನು ಸ್ವೀಡನ್ನಿನ ಟೊಮ್ಮಿ ಸಾಲೊ ಅವರಷ್ಟು ಕಂಡವರು ವಿರಳ. 1994ರ ಲಿಲ್ಲೆಹಾಮರ್ ಒಲಿಂಪಿಕ್ಸ್ ಫೈನಲ್‌ನ ಶೂಟೌಟ್‌ನಲ್ಲಿ ಕೆನಡಾದ ಕೊನೆಯ ಹೊಡೆತವನ್ನು ತಡೆದು ಸ್ವೀಡನ್ನಿಗೆ ಚಿನ್ನ ತಂದವರು ಅವರೇ. 2002ರ ಸಾಲ್ಟ್ ಲೇಕ್ ಸಿಟಿಯ ಕ್ವಾರ್ಟರ್ ಫೈನಲ್‌ನಲ್ಲಿ ಬೆಲಾರೂಸ್‌ನ ವ್ಲಾದಿಮಿರ್ ಕೊಪಾತ್ ಬಹು ದೂರದಿಂದ ಹೊಡೆದ ಪಕ್ ತಲೆಗೆ ಬಡಿದು, ಮೇಲೆ ಹಾರಿ, ಬೆನ್ನ ಹಿಂದೆ ಬಿದ್ದು ಗೋಲು ಸೇರಿದ್ದರಿಂದ ಬಲಾಢ್ಯ ಸ್ವೀಡನ್ 3-4ರಿಂದ ಹೊರಬಿದ್ದಾಗ ಗೋಲಿನಲ್ಲಿದ್ದವರೂ ಅವರೇ. ಹೊರಗಿನವರಿಗೆ ಇಂದು ಅವರ ಹೆಸರಿನೊಡನೆ ನೆನಪಾಗುವುದು ಎರಡನೆಯ ಪಂದ್ಯ.

ಈಚಿನ ವರ್ಷಗಳಲ್ಲಿ ಮೈದಾನದ ಹಾಕಿಯ ನಿರ್ಣಾಯಕ ಹಂತ ಐಸ್ ಹಾಕಿಯ ಶೂಟೌಟನ್ನೇ ಹೋಲುವಂತೆ ಬದಲಾಗಿದೆ. ಟೈ ಬ್ರೇಕರ್‌ನಲ್ಲಿ ನಿಂತಲ್ಲಿಂದ ಸ್ಟ್ರೋಕ್ ಹೊಡೆಯುವುದನ್ನು ಬಿಟ್ಟು, ಆಟಗಾರ 23 ಮೀಟರ್ ಗೆರೆಯಿಂದ ಚೆಂಡನ್ನು ಓಡಿಸಿಕೊಂಡು ಬಂದು 8 ಸೆಕೆಂಡುಗಳೊಳಗೆ ಗೋಲ್‌ಕೀಪರ್‌ನನ್ನು ವಂಚಿಸಬೇಕೆಂಬ ನಿಯಮ ಬಂದಿದೆ. ಅವಕಾಶ ಇಬ್ಬರಿಗೂ ಹೆಚ್ಚು ಸಮವಾಗಿ ಹಂಚಿಕೆಯಾಗುವುದರಿಂದ ಇದು ಒಳ್ಳೆಯ ಬದಲಾವಣೆ. ತಪ್ಪಿಸಿದವನೂ ಒಂದು ಹೋರಾಟದಲ್ಲಿ ಸೋತವನೆನಿಸುತ್ತಾನೆ, ಕೈಯಲ್ಲಿದ್ದುದನ್ನು ಚೆಲ್ಲಿದವನೆನಿಸುವುದಿಲ್ಲ. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಪಿ.ಆರ್. ಶ್ರೀಜೇಶ್ ಇಂಥ ಶೂಟೌಟ್‌ನಲ್ಲೇ ಪಾಕಿಸ್ತಾನವನ್ನು ತಡೆದಾಗ ತಂಡದಲ್ಲಿ ಕರ್ನಾಟಕದ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಮತ್ತು ನಿಕಿನ್ ತಿಮ್ಮಯ್ಯ ಇದ್ದರು. ಎರಡು ವರ್ಷಗಳ ನಂತರ ರಿಯೊ ಒಲಿಂಪಿಕ್ಸ್‌ಗೆ ಹೋದ 16 ಮಂದಿಯಲ್ಲಿ ಈ ಮೂವರ ಜೊತೆ ಎಸ್.ಕೆ. ಉತ್ತಪ್ಪನವರೂ ಸೇರಿ ನಾಲ್ವರು ಕರ್ನಾಟಕದವರು.

2021ರ ಆಗಸ್ಟ್ 5ರಂದು ಟೋಕಿಯೊದಲ್ಲಿ ಜರ್ಮನಿಯ ವಿರುದ್ಧ 1-3ರಿಂದ ಹಿಂದಿದ್ದ ಭಾರತ 5-4ರಿಂದ ಗೆದ್ದು 41 ವರ್ಷಗಳ ನಂತರ ಒಲಿಂಪಿಕ್ ಪದಕ ಪಡೆದಾಗ, ಕೊನೆಯ ಕ್ಷಣಗಳ ಪೆನಾಲ್ಟಿ ಕಾರ್ನರನ್ನು ತಡೆದವರೂ ಶ್ರೀಜೇಶ್. ಆ ತಂಡ ಸಿದ್ಧಗೊಂಡದ್ದು ಬೆಂಗಳೂರಿನ ಪಶ್ಚಿಮ ಅಂಚಿನಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ. ಕೋವಿಡ್ ಸೋಂಕಿನ ಕಾಲದಲ್ಲಿ ಆಟಗಾರರು ಮನೆಗೂ ಹೋಗದೆ ತಿಂಗಳುಗಟ್ಟಲೆ ಅಲ್ಲೇ ಉಳಿದಿದ್ದರು. ಆದರೆ ಟೋಕಿಯೊದ ಪುರುಷರ ತಂಡದಲ್ಲಾಗಲಿ, 2024ರ ಪ್ಯಾರಿಸ್‌ನಲ್ಲಿ ಮತ್ತೆ ಕಂಚು ಗೆದ್ದ ತಂಡದಲ್ಲಾಗಲಿ ಕರ್ನಾಟಕದ ಆಟಗಾರ ಒಬ್ಬನೂ ಇರಲಿಲ್ಲ. 360 ಕುಟುಂಬಗಳು ಹಾಕಿ ಆಡುವ ಜಿಲ್ಲೆ, ರಾಷ್ಟ್ರೀಯ ಶಿಬಿರ ನಡೆಯುವ ನಗರ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿನ ಹಾಕಿ ಕ್ರೀಡಾಂಗಣ, ಇವೆಲ್ಲ ಇರುವ ರಾಜ್ಯದಲ್ಲಿ ಐದೇ ವರ್ಷಗಳಲ್ಲಿ ನಾಲ್ಕು ಇದ್ದದ್ದು ಸೊನ್ನೆಗೆ ಇಳಿದದ್ದು ಗಂಭೀರವಾದ ಸಂಗತಿ.

ಇದಕ್ಕೆ ಒಂದು ಕಾರಣ ಜೀವನೋಪಾಯದಲ್ಲಿದೆ. ವೈಟ್‌ಫೀಲ್ಡಿಗೆ ಹೋಗುವ ದಾರಿಯ ಎಚ್‌ಎಎಲ್ ಮತ್ತು ದೂರವಾಣಿನಗರದ ಐಟಿಐನಂಥ ಸಾರ್ವಜನಿಕ ಉದ್ದಿಮೆಗಳು ಒಂದು ಕಾಲದಲ್ಲಿ ಕ್ರೀಡಾಪಟುಗಳಿಗೆ ಕೆಲಸ ಕೊಟ್ಟು, ಅಭ್ಯಾಸಕ್ಕೆ ಬಿಡುವು ಕೊಟ್ಟು, ತಮ್ಮ ಹೆಸರಿನ ತಂಡಗಳನ್ನು ಕಣಕ್ಕಿಳಿಸುತ್ತಿದ್ದವು. ಒಂದು ಪಂದ್ಯದಲ್ಲಿ ಎಡವಿದ ಹುಡುಗನಿಗೆ ಮುಂದಿನ ತಿಂಗಳ ಸಂಬಳದ ಚಿಂತೆ ಇರುತ್ತಿರಲಿಲ್ಲ. ಅವುಗಳಿಗಿಂತ ಬಹಳ ಶ್ರೀಮಂತವಾದ ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಸಂಸ್ಥೆಗಳು ಈ ಪರಂಪರೆಯನ್ನು ಮುಂದುವರಿಸಲಿಲ್ಲ, ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಅಷ್ಟು ಶಕ್ತಿಯಿಲ್ಲ. ಹದಿನೆಂಟು, ಇಪ್ಪತ್ತರ ವಯಸ್ಸಿನಲ್ಲಿ ರಾಜ್ಯ ತಂಡದ ಬಾಗಿಲು ಒಮ್ಮೆ ಮುಚ್ಚಿದರೆ ಓದು ಮುಗಿಸಿ ಕಚೇರಿ ಸೇರುವುದೇ ದಾರಿಯಾಗುತ್ತದೆ; ಆಯ್ಕೆಯ ಪಂದ್ಯದಲ್ಲಿ ತಪ್ಪಿಸಿದ ಒಂದು ಸ್ಟ್ರೋಕಿಗೆ ಹದಿನೆಂಟು ತಿಂಗಳು ಕಾದು ನೋಡುವವರು ಅಂಥವನಿಗೆ ಇಂದು ಯಾರೂ ಇಲ್ಲ. ಸಂಜೆ ಕಚೇರಿ ಬಿಟ್ಟ ಮೇಲೆ ಆಡಲು ಹತ್ತಿರದಲ್ಲೊಂದು ಟರ್ಫ್, ಆಟಗಾರರಿಗೆ ಮೀಸಲಾದ ನಾಲ್ಕೆಂಟು ಹುದ್ದೆ, ಕಂಪನಿಗಳ ನಡುವೆ ವರ್ಷಕ್ಕೊಂದು ಲೀಗ್, ಇಷ್ಟನ್ನು ಒದಗಿಸುವುದು ಹೊರವಲಯದ ಈ ಉದ್ದಿಮೆಗಳ ಕೈಯಲ್ಲೇ ಇದೆ.